ಉಂಡ ಮನೆಯ ಲೆಕ್ಕ

ಸಂಚಿಕೆಯ ಸಮಿತಿಯವರು ನನ್ನಿಂದ ಕೇಳಿದ್ದು ನಿಲಯದ ಇತಿಹಾಸ. ಕಟ್ಟಡ ಎದ್ದ ವರ್ಷ, ಅಧ್ಯಕ್ಷರ ಪಟ್ಟಿ, ದಾನಿಗಳ ಭಾವಚಿತ್ರ ಹೇಗೂ ಬೇರೆ ಪುಟಗಳಲ್ಲಿ ಬರುತ್ತವೆ. ಹಾಗಾಗಿ ನಾನು ಸ್ವಲ್ಪ ಹಿಂದಕ್ಕೆ ಹೋಗಿ, ಬಡ ಹುಡುಗರಿಗೆ ಅನ್ನ ಹಾಕಿ ಓದಿಸುವ ಇಂಥ ಮನೆಗಳು ನಮ್ಮ ನಾಡಿನಲ್ಲಿ ಹೇಗೆ ಹುಟ್ಟಿದವು, ಅಲ್ಲಿ ಉಂಡವರು ಆ ಋಣವನ್ನು ಹೇಗೆ ತೀರಿಸಿದರು ಎಂಬುದನ್ನು ಬರೆಯುತ್ತೇನೆ.

ನಿಲಯಗಳಿಗೆ ಮೊದಲು ವಾರಾನ್ನವಿತ್ತು. ಹಳ್ಳಿಯಿಂದ ಹೈಸ್ಕೂಲಿಗೆಂದು ಪೇಟೆಗೆ ಬಂದ ಹುಡುಗ ಏಳು ಮನೆಗಳನ್ನು ಹಿಡಿಯಬೇಕು. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಹೀಗೆ. ಆರು ಮನೆ ಸಿಕ್ಕು ಏಳನೆಯದು ಸಿಗದಿದ್ದರೆ ಆ ದಿನ ಉಪವಾಸ, ಇಲ್ಲವೇ ದೇವಸ್ಥಾನದ ಪ್ರಸಾದ. ಉಂಡದ್ದಕ್ಕೆ ಬದಲಾಗಿ ಬಾವಿಯಿಂದ ನೀರು ಸೇದುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಅಜ್ಜಿಗೆ ಪುರಾಣ ಓದುವುದು ಇದ್ದೇ ಇರುತ್ತಿತ್ತು. ಮನೆಯವರಿಗೆ ಸೂತಕ ಬಂದರೂ ಊರಿಗೆ ಹೋದರೂ ಹುಡುಗನ ಹೊಟ್ಟೆಗೆ ತಣ್ಣೀರೇ ಗತಿ. ಎಷ್ಟೋ ತಾಯಂದಿರು ಸ್ವಂತ ಮಗನಿಗೆ ಬಡಿಸಿದಂತೆಯೇ ಬಡಿಸಿದರು. ಕೆಲವು ಮನೆಗಳಲ್ಲಿ ಎಲ್ಲರ ಊಟ ಮುಗಿದ ಮೇಲೆ ಹಜಾರದ ಮೂಲೆಯಲ್ಲಿ ಎಲೆ ಹಾಕುತ್ತಿದ್ದರು. ವಾರ ಉಂಡು ಓದಿದ ಹಿರಿಯರು ದೊಡ್ಡ ಹುದ್ದೆಗೆ ಏರಿದ ಮೇಲೂ ಆ ಮೂಲೆಯನ್ನು ಮರೆಯಲಿಲ್ಲ. ಅನ್ನ ಹಾಕಿದವರ ಮುಖ ನೋಡುತ್ತ ಉಣ್ಣುವುದು ಸುಲಭವಲ್ಲ.

ಅದಕ್ಕಿಂತ ದೊಡ್ಡ ತೊಡಕು ಬೇರೆ. ವಾರಾನ್ನ ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣರ ಮನೆಯಲ್ಲಿ ಸಿಗುತ್ತಿದ್ದ ಅನ್ನ. ಉಳಿದವರಿಗೆ ಮಠವಿದ್ದಲ್ಲಿ ಮಠ, ಇಲ್ಲದಿದ್ದರೆ ಊರಿನ ನೇಗಿಲು. ಪೇಟೆಯಲ್ಲಿ ಶಾಲೆ ತೆರೆದಿದ್ದರೂ ಪೇಟೆಯಲ್ಲಿ ತಂಗಲು ಜಾಗವಿಲ್ಲದ ಹುಡುಗನಿಗೆ ಅದು ಮುಚ್ಚಿದ ಹಾಗೆಯೇ. ಇದನ್ನು ಮನಗಂಡೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದೊಂದು ಸಮುದಾಯವೂ ಸಂಘ ಕಟ್ಟಿತು. ವೀರಶೈವ ಮಹಾಸಭೆ 1904ರಲ್ಲಿ ಧಾರವಾಡದಲ್ಲಿ ಸೇರಿತು. ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿತು. ಇಂಥ ಸಂಘಗಳು ಬಹುಬೇಗ ಕೈಹಾಕಿದ ಕೆಲಸಗಳಲ್ಲಿ ವಿದ್ಯಾರ್ಥಿ ನಿಲಯವೂ ಒಂದು.

ಬೆಂಗಳೂರು ರೈಲು ನಿಲ್ದಾಣದ ಎದುರಿನ ತೋಟದಪ್ಪ ಛತ್ರ ಆ ಕಾಲದ್ದು. 1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ತೋಟದಪ್ಪನವರು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದವರು. ಗಳಿಸಿದ್ದರಲ್ಲಿ ರೈಲು ನಿಲ್ದಾಣದ ಮಗ್ಗುಲಿಗೇ ಜಾಗ ಕೊಂಡರು. 1903ರಲ್ಲಿ ಛತ್ರ ತೆರೆಯಿತು, 1905ರಲ್ಲಿ ಅದರ ಜೊತೆಗೆ ವಿದ್ಯಾರ್ಥಿಗಳ ಉಚಿತ ನಿಲಯ. ಜಾಗದ ಆಯ್ಕೆಯಲ್ಲೇ ವ್ಯಾಪಾರಿಯ ಬುದ್ಧಿ ಕಾಣುತ್ತದೆ. ತುಮಕೂರಿನ ಕಡೆಯಿಂದ ತಗಡಿನ ಟ್ರಂಕು ಹೊತ್ತು ರೈಲಿನಿಂದ ಇಳಿದ ಹುಡುಗ ದಾರಿ ಕೇಳಬೇಕಾಗಿಯೇ ಇರಲಿಲ್ಲ. ಮಹಾರಾಜರು 'ಧರ್ಮಪ್ರವರ್ತ' ಎಂದರು, ಬ್ರಿಟಿಷರು 'ರಾವ್ ಬಹದ್ದೂರ್' ಎಂದರು. ಬಿರುದಿಗಿಂತ ನನಗೆ ದೊಡ್ಡದಾಗಿ ಕಾಣುವುದು ಅವರು ಆಸ್ತಿಯನ್ನು ಟ್ರಸ್ಟಿಗೆ ಬರೆದಿಟ್ಟದ್ದು. 1910ರಲ್ಲಿ ಅವರು ತೀರಿಕೊಂಡರು, ಒಲೆ ಆರಲಿಲ್ಲ. ದಾನಿಯ ಉಸಿರಿನ ಜೊತೆಗೇ ನಿಂತುಹೋದ ಅನ್ನಛತ್ರಗಳನ್ನು ನಮ್ಮ ಊರುಗಳಲ್ಲಿ ಬೇಕಾದಷ್ಟು ಕಂಡಿದ್ದೇವೆ. ಟ್ರಸ್ಟಿನ ಪತ್ರ ಎಂಬ ಒಣ ಕಾಗದದ ಬೆಲೆ ತಿಳಿಯುವುದು ಅಲ್ಲಿ.

ಜಾತಿಗೊಂದು ನಿಲಯ ಎಂಬ ಏರ್ಪಾಡಿನ ಬಗ್ಗೆ ಎರಡು ಮಾತು ಆಡದೆ ಮುಂದೆ ಹೋಗುವುದು ಸರಿಯಲ್ಲ. ತನ್ನವರಿಗೆ ತಾನು ಮಾಡುವುದು ಒಳ್ಳೆಯದೇ. ಆದರೆ ಸಂಘ ಕಟ್ಟುವಷ್ಟು ಹಣವಂತರೇ ಇಲ್ಲದ ಸಮುದಾಯದ ಹುಡುಗರು ಎಲ್ಲಿಗೆ ಹೋಗಬೇಕಿತ್ತು? ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಈ ಪ್ರಶ್ನೆಯನ್ನು ಈ ಸಂಘಗಳು ಹುಟ್ಟುವ ಮೊದಲೇ ಕೇಳಿಕೊಂಡಿದ್ದರು. ಸಾರಸ್ವತ ಬ್ರಾಹ್ಮಣ ಕುಟುಂಬದ ಈ ವಕೀಲರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಕೂಲಿಗೆ ಹೋಗುವ ಮಗುವನ್ನು ಶಾಲೆಗೆ ಕಳಿಸಿದರೆ ಮನೆಯ ಕೂಲಿ ತಪ್ಪುತ್ತದೆ ಎಂಬುದು ಅವರಿಗೆ ಅರ್ಥವಾಗಿತ್ತು. ಅದಕ್ಕೇ ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನದ ಊಟ ಹಾಕಿದರು. ಸರಕಾರ ಬಿಸಿಯೂಟ ತರುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲಿನ ಮಾತು ಇದು. ಇದಕ್ಕೆ ಅವರು ತೆತ್ತದ್ದು ಹಣವನ್ನಷ್ಟೇ ಅಲ್ಲ. ಸ್ವಂತ ಸಮಾಜ ಅವರಿಗೆ ಬಹಿಷ್ಕಾರ ಹಾಕಿತು. 1928ರಲ್ಲಿ ತೀರಿಕೊಂಡಾಗ ತಮ್ಮ ದೇಹವನ್ನು ದಲಿತರೇ ಹೊರಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. ಅದರ ಮರುವರ್ಷ ಧಾರವಾಡದಲ್ಲಿ ಡಾ. ಅಂಬೇಡ್ಕರ್ ಅವರು ದಲಿತ ವಿದ್ಯಾರ್ಥಿಗಳಿಗಾಗಿ ನಿಲಯ ತೆರೆದರು. ದಾನ ಎಂದು ನಾವು ಕರೆಯುವ ಇಷ್ಟೆಲ್ಲ ಕೆಲಸದಲ್ಲಿ ನ್ಯಾಯದ ಪಾಲು ಎಷ್ಟಿದೆ ಎಂಬುದನ್ನು ಈ ಇಬ್ಬರನ್ನು ನೋಡಿ ಅಳೆಯಬೇಕು.

ಈಗ ಉಂಡವರ ಕಡೆ ಬರೋಣ. ವಾರಾನ್ನ ಉಂಡವನು ಯಾರ ಋಣದಲ್ಲಿದ್ದಾನೆ ಎಂಬುದು ಅವನಿಗೆ ಗೊತ್ತಿತ್ತು: ಏಳು ಮನೆ, ಏಳು ತಾಯಂದಿರು. ನಿಲಯದಲ್ಲಿ ಉಂಡವನಿಗೆ ಗೊತ್ತಿಲ್ಲ. ಅವನ ತಟ್ಟೆಯ ರಾಗಿ ಯಾವ ಊರಿನ ಕಣದಿಂದ ಬಂತು, ಎಣ್ಣೆಯ ಡಬ್ಬ ಯಾವ ಅಂಗಡಿಯವರು ಕಳಿಸಿದರು, ಹೇಳುವವರಿಲ್ಲ. ಸಂಕೋಚ ಹೋಯಿತು. ಅದರ ಜೊತೆಗೆ ತೀರಿಸಬೇಕಾದ ವಿಳಾಸವೂ ಹೋಯಿತು. ಹಾಗಾಗಿ ತೀರಿಸಿದವರು ಕೊಟ್ಟವರಿಗೆ ತೀರಿಸಲಿಲ್ಲ. ತಮ್ಮ ನಂತರ ಬಂದ ಹುಡುಗನಿಗೆ ತೀರಿಸಿದರು. ನಿಲಯಗಳ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ.

ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ ಎಂಬ ಹುಡುಗ ತುಮಕೂರಿನಲ್ಲಿ ಓದುವಾಗ ಊರಿಗೆ ಪ್ಲೇಗು ಬಂತು. ಆಗ ಅವನು ಸಿದ್ಧಗಂಗಾ ಮಠದಲ್ಲಿ ಇದ್ದುಕೊಂಡು ಓದಿದ. ಉದ್ಧಾನ ಶಿವಯೋಗಿಗಳ ಕಾಲದ ಮಠ ಅದು; ಬಡತನದ ಮಠ. 1930ರಲ್ಲಿ ಅದೇ ಹುಡುಗ ಅವರ ಉತ್ತರಾಧಿಕಾರಿಯಾಗಿ ಶಿವಕುಮಾರ ಸ್ವಾಮಿಗಳಾದರು, 1941ರಲ್ಲಿ ಮಠದ ಹೊಣೆ ಹೊತ್ತರು. 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಉಂಡು ಓದುತ್ತಿದ್ದ ಮಕ್ಕಳು ಹತ್ತು ಸಾವಿರದ ಆಸುಪಾಸು, ಎಲ್ಲ ಜಾತಿ ಮತಗಳವರು. ಆ ಮಕ್ಕಳ ಅನ್ನದ ದೊಡ್ಡ ಪಾಲು ಬಂದದ್ದು ಬರೀ ಸಿರಿವಂತರಿಂದಲ್ಲ. ಸುಗ್ಗಿಯಲ್ಲಿ ಮಠದ ಪಾಲೆಂದು ರಾಗಿ, ಭತ್ತ, ತೆಂಗಿನಕಾಯಿ ಎತ್ತಿಟ್ಟ ಸಣ್ಣ ರೈತರಿಂದಲೂ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವರಲ್ಲಿ ಅನೇಕರು ತಮ್ಮ ಮಕ್ಕಳನ್ನೂ ಅಲ್ಲೇ ಬಿಟ್ಟವರು. ಹಾಗಾಗಿ ಕೊಟ್ಟವರು ಯಾರು, ಪಡೆದವರು ಯಾರು ಎಂದು ಗೆರೆ ಎಳೆಯುವುದು ಕಷ್ಟ.

ಎಚ್. ನರಸಿಂಹಯ್ಯನವರದು ಇನ್ನೊಂದು ಬಗೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದ ಹುಡುಗ. ಬಸ್ಸಿಗೆ ದುಡ್ಡಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಉಚಿತ ನಿಲಯದ ಅನ್ನದಲ್ಲಿ ಓದಿದ. ಮುಂದೆ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು, ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟು, ಪ್ರಿನ್ಸಿಪಾಲ್, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಇಷ್ಟೆಲ್ಲ ಆದ ಮೇಲೂ 2005ರಲ್ಲಿ ಕಣ್ಣು ಮುಚ್ಚುವ ತನಕ ಅವರ ಮನೆ ಎಂದರೆ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ. ಮದುವೆಯಾಗಲಿಲ್ಲ, ಸೈಟು ಮಾಡಲಿಲ್ಲ. ಹುಟ್ಟೂರು ಹೊಸೂರು, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಶಾಲೆ ಕಾಲೇಜು ಕಟ್ಟಿಸಿದರು. ಅದಕ್ಕಾಗಿ ಹಣವಂತರ ಬಾಗಿಲು ತಟ್ಟಲು ನಾಚಲಿಲ್ಲ. ಹಣ ಕೊಟ್ಟು ಕೈ ತೊಳೆದುಕೊಳ್ಳುವವರ ನಡುವೆ ಇವರು ಅಲ್ಲೇ ಉಳಿದುಬಿಟ್ಟರು. ರಾತ್ರಿ ಎಂಟಕ್ಕೆ ಹುಡುಗನೊಬ್ಬ ಲೆಕ್ಕ ಬಿಡಿಸಲಾಗದೆ ಕೂತರೆ, ಕುಲಪತಿಯಾಗಿದ್ದವರು ಪಕ್ಕದ ಕೋಣೆಯಲ್ಲೇ ಇದ್ದಾರೆ ಎನ್ನುವುದು ಯಾವ ದತ್ತಿನಿಧಿಯಿಂದಲೂ ಕೊಳ್ಳಲಾಗದ ಸೌಲಭ್ಯ.

ನಮ್ಮ ನಿಲಯದ ಹಳೆಯ ವಿದ್ಯಾರ್ಥಿಗಳು ಧಾರಾಳಿಗಳು. ಊಟದ ಹಜಾರದ ಫ್ಯಾನಿನ ರೆಕ್ಕೆಗಳ ಮೇಲೂ ದಾನಿಗಳ ಹೆಸರಿದೆ; ತಿರುಗುವಾಗ ಓದಲಾಗದು ಎಂಬುದೊಂದೇ ಕೊರತೆ. ಕುಡಿಯುವ ನೀರಿನ ಯಂತ್ರ, ಸ್ಟೀಲ್ ತಟ್ಟೆ, ಹಾಸಿಗೆ, ಎಲ್ಲ ಬಂದಿವೆ. ಸರಕಾರದ ಹಾಸ್ಟೆಲುಗಳು ತಾಲ್ಲೂಕು ತಾಲ್ಲೂಕಿಗೂ ಆಗಿವೆ, ಹಾಸ್ಟೆಲು ಸಿಗದವರಿಗೆ ವಿದ್ಯಾಸಿರಿಯಂಥ ಯೋಜನೆಯಿದೆ. ಹಸಿವಿನ ಕಾಲ ಪೂರ್ತಿ ಹೋಗಿದೆ ಎನ್ನಲಾರೆ, ಆದರೆ ಅದರ ಹಲ್ಲು ಮೊಂಡಾಗಿದೆ.

ಈಗ ನಿಲಯಕ್ಕೆ ಕಮ್ಮಿಯಿರುವುದು ಮನುಷ್ಯರು. ವಿದ್ಯಾರ್ಥಿವೇತನದ ಅರ್ಜಿ ಆನ್‌ಲೈನಿನಲ್ಲಿ ತುಂಬುವಾಗ ಆಧಾರ್‌ನಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ತಾಳೆಯಾಗದೆ ಎಷ್ಟೋ ಹುಡುಗರ ಹಣ ವರ್ಷಗಟ್ಟಲೆ ನಿಲ್ಲುತ್ತದೆ. ಕಚೇರಿಗೆ ಜೊತೆಯಲ್ಲಿ ಹೋಗುವ ನಿವೃತ್ತ ಗುಮಾಸ್ತರೊಬ್ಬರಿದ್ದರೆ ಸಾಕು. ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ವಿಜ್ಞಾನ ಹಿಡಿದವನು ಮೊದಲ ಕಿರುಪರೀಕ್ಷೆಯಲ್ಲೇ ಎದೆಗುಂದುತ್ತಾನೆ. ಅವನಿಗೆ ಬೇಕಾದದ್ದು ಕೋಚಿಂಗಿನ ಶುಲ್ಕವಲ್ಲ, ಪಕ್ಕದಲ್ಲಿ ಕೂತು ಎರಡು ತಿಂಗಳು ಇಂಗ್ಲಿಷ್ ಪಠ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು. ಮಧ್ಯರಾತ್ರಿ ಜ್ವರ ಬಂದ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ಯಲು ವಾರ್ಡನ್ ಒಬ್ಬರೇ ಇದ್ದಾರೆ, ಅವರಿಗೂ ವಯಸ್ಸಾಯಿತು. ಲೆಕ್ಕಪತ್ರ ನೋಡುವ ನಮ್ಮ ಆಡಿಟರು ಇದೇ ಹಜಾರದಲ್ಲಿ ಮುದ್ದೆ ಉಂಡವರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಫೀಸು ತೆಗೆದುಕೊಂಡವರಲ್ಲ. ಅವರ ಭಾವಚಿತ್ರ ಈ ಸಂಚಿಕೆಯಲ್ಲಿ ಹಾಕಬೇಕೆಂದು ಸಮಿತಿ ಕೇಳಿತ್ತು. ಆ ಪುಟದಲ್ಲಿ ಸಂಜೆಯ ಪಾಠಕ್ಕೆ ಬರಲು ಒಪ್ಪುವವರು ಹೆಸರು ಬರೆದು ಕಳಿಸುವ ಚೀಟಿ ಅಚ್ಚು ಮಾಡಿ ಎಂದರಂತೆ. ಚೀಟಿ ಕೊನೆಯ ಪುಟದಲ್ಲಿದೆ.