ನಾಯಿಯ ಕೊರಳಿಗೆ ಕಟ್ಟಿದ್ದು

ಕುತ್ತಿಗೆಗೆ ಪೂರ್ತಿ ವಾಸಿಯಾಗದಂಥ ಪೆಟ್ಟು ಬಿದ್ದ ನಾಯಿಗೆ ಕೊರಳಿನ ಬೆಲ್ಟ್ ಬಿಚ್ಚಿ ಎದೆಪಟ್ಟಿ ತೊಡಿಸುವ, ಜಾರುವ ನೆಲಕ್ಕೆ ಚಾಪೆ ಹಾಸುವ, ಮಂಚದಿಂದ ಧುಮುಕದಂತೆ ನೋಡಿಕೊಳ್ಳುವ ಮನೆಗಳು ಈಗ ನಮ್ಮ ಊರುಗಳಲ್ಲೂ ಇವೆ. ಅವರನ್ನು ಕಂಡು, ನಾಯಿಗೆ ಇಷ್ಟೆಲ್ಲ ಉಪಚಾರ ಬೇಕೆ ಎಂದು ಕೇಳುವವರೂ ಇದ್ದಾರೆ. ಹಿಂದಿನವರು ಕೊರಳಿಗೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟುತ್ತಿದ್ದರು, ನಾಯಿಗಳು ಚೆನ್ನಾಗಿಯೇ ಬದುಕಿದವು, ಇದೆಲ್ಲ ಈಚಿನ ಪಟ್ಟಣದವರ ಶೋಕಿ ಎಂಬುದು ಆ ಪ್ರಶ್ನೆಯೊಳಗಿನ ನಂಬಿಕೆ. ಚರಿತ್ರೆಯನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ನಾಯಿಯಿಂದ ಗಟ್ಟಿಯಾದ ದುಡಿಮೆ ಬೇಕಾಗಿದ್ದಾಗ ಜನ ಅದರ ಕುತ್ತಿಗೆಯನ್ನು ಕಾಪಾಡಿಕೊಂಡೇ ಬಂದರು. ಕುತ್ತಿಗೆಯನ್ನು ಜಗ್ಗಿ ನೋಯಿಸಿ ನಾಯಿಯನ್ನು ಬಗ್ಗಿಸುವುದು ಒಂದು ಶಾಸ್ತ್ರವಾಗಿ ಮನೆನಾಯಿಗಳವರೆಗೂ ಹರಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಾಗಾಗಿ ನೊಂದ ಕುತ್ತಿಗೆಗೆ ಬಿಡುವು ಕೊಡುವವರು ಹೊಸ ಚಾಳಿಯನ್ನೇನೂ ಹುಟ್ಟುಹಾಕುತ್ತಿಲ್ಲ. ಬಹಳ ಹಳೆಯದೊಂದು ತಿಳಿವಳಿಕೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ.

ಇದಕ್ಕೆ ಸಿಗುವ ಅತ್ಯಂತ ಸ್ಪಷ್ಟವಾದ ಸಾಕ್ಷಿ ರೋಮಿನ ವಿದ್ವಾಂಸ ವಾರೋನದು. ಎಂಬತ್ತರ ಅಂಚಿನಲ್ಲಿದ್ದಾಗ, ಕ್ರಿ.ಪೂ. 37ರಲ್ಲಿ, ಅವನು ಬೇಸಾಯವನ್ನು ಕುರಿತು ಒಂದು ಗ್ರಂಥ ಬರೆದ. ಅದರ ಎರಡನೆಯ ಭಾಗ ಪಶುಪಾಲನೆಯದು. ಮಂದೆ ಕಾಯುವ ನಾಯಿಗಳಿಗೇ ಅಲ್ಲೊಂದು ಅಧ್ಯಾಯವಿದೆ. ಕಾಡುಮೃಗಗಳಿಂದ ಕೊರಳಿಗೆ ಗಾಯವಾಗದಿರಲು ಗಟ್ಟಿ ತೊಗಲಿನ ಪಟ್ಟಿಗೆ ಮೊಳೆಗಳನ್ನು ಹೊಡೆದು ನಾಯಿಗೆ ಕಟ್ಟಬೇಕು ಎನ್ನುತ್ತಾನೆ ಅವನು. ಅಷ್ಟಕ್ಕೇ ಬಿಡುವುದಿಲ್ಲ. ಮೊಳೆಗಳ ತಲೆಯ ಕಡೆಗೆ ಮೆತ್ತನೆಯ ತೊಗಲೊಂದನ್ನು ಒಳಗಿನಿಂದ ಹೊಲಿಯಬೇಕು, ಕಬ್ಬಿಣದ ಗಡಸು ನಾಯಿಯ ಕೊರಳಿಗೆ ತಾಗಬಾರದು ಎಂದೂ ಸೇರಿಸುತ್ತಾನೆ. ಇದು ಮರುಕದ ಮಾತಲ್ಲ ಎಂಬುದನ್ನು ಗಮನಿಸಬೇಕು. ಅದೇ ಗ್ರಂಥದಲ್ಲಿ ವಾರೋ ಗುಲಾಮರನ್ನು ಮಾತಾಡುವ ಸಲಕರಣೆಗಳ ಪಟ್ಟಿಗೆ ಸೇರಿಸಿದ್ದಾನೆ. ಕರುಳಿನ ಮಾತು ಅವನಿಂದ ಬರುವಂಥದಲ್ಲ. ಕೊರಳು ಹುಣ್ಣಾದ ನಾಯಿ ತೋಳದ ಮುಂದೆ ನಿಲ್ಲಲಾರದು ಎಂಬ ಕುರುಬರ ಲೆಕ್ಕಾಚಾರವಷ್ಟೇ ಅಲ್ಲಿರುವುದು. ನನ್ನ ಮಟ್ಟಿಗೆ ಆ ಒಳಹೊಲಿಗೆಯ ಮೆತ್ತನೆ ತೊಗಲು ಇಡೀ ಚರಿತ್ರೆಯಲ್ಲೇ ಬಹಳ ಮುಖ್ಯವಾದ ವಿವರ. ನಾಯಿಯ ಕುತ್ತಿಗೆ ಸುಲಭವಾಗಿ ನೋಯುವ ಜಾಗ, ಕಾಪಾಡಲೆಂದು ಕಟ್ಟಿದ ವಸ್ತುವೂ ಅಲ್ಲಿ ಕೇಡು ಮಾಡಬಲ್ಲದು ಎಂಬ ಅರಿವು ಎರಡು ಸಾವಿರ ವರ್ಷಗಳ ಹಿಂದೆಯೇ ಬರವಣಿಗೆಗೆ ಇಳಿದಿತ್ತು. ತುರ್ಕಿಯ ಕಂಗಾಲ್ ನಾಯಿಗಳಿಗೂ, ಹಿಮಾಲಯದ ಗದ್ದಿ ಕುರಿಗಾಹಿಗಳ ನಾಯಿಗಳಿಗೂ ಇಂದಿಗೂ ಕಟ್ಟುವ ಮುಳ್ಳಿನ ಕಬ್ಬಿಣದ ಪಟ್ಟಿಗಳಲ್ಲಿ ಮುಳ್ಳು ಹೊರಕ್ಕೆ, ತೋಳ ಚಿರತೆಗಳ ಕಡೆಗೆ ಮುಖ ಮಾಡಿದೆ.

ಭಾರ ಎಳೆಸುವ ಕಡೆಯೂ ಕಥೆ ಬೇರೆಯಲ್ಲ. ಸೈಬೀರಿಯದ ಉತ್ತರಕ್ಕಿರುವ ಜೋಖೋವ್ ದ್ವೀಪದಲ್ಲಿ ಸುಮಾರು 9,000 ವರ್ಷ ಹಳೆಯ ನಾಯಿಗಳ ಅವಶೇಷಗಳು ಸಿಕ್ಕಿವೆ; ಅವು ಜಾರುಬಂಡಿ ಎಳೆಯುತ್ತಿದ್ದವೆಂದು ಸಂಶೋಧಕರು ಭಾವಿಸುತ್ತಾರೆ. ಇನೂಯಿಟ್ ಜನ ಸೀಲ್ ತೊಗಲಿನಿಂದ ಹೆಣೆದ ಸಜ್ಜು ನಾಯಿಯ ಎದೆ, ಭುಜಗಳನ್ನು ಬಳಸಿ ಬೆನ್ನಿನ ಮೇಲೆ ಹೋಗುತ್ತದೆ. ಭಾರ ಗಂಟಲಿನ ಮೇಲೆ ಬೀಳುವುದಿಲ್ಲ. ಬೆಲ್ಜಿಯಂನಲ್ಲಿ ಹಾಲಿನ ಗಾಡಿ ಎಳೆಯುತ್ತಿದ್ದ, ಮೊದಲನೆಯ ಮಹಾಯುದ್ಧದಲ್ಲಿ ಮೆಷಿನ್ ಗನ್ ಎಳೆದ ನಾಯಿಗಳಿಗೂ ಸಜ್ಜು ಎದೆಗೇ ಇತ್ತು. ಆ ನಾಯಿಗಳು ಸುಖವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ನಾಯಿಗಾಡಿಗಳನ್ನು ಲಂಡನ್ನಿನಲ್ಲಿ 1839ರ ಪೊಲೀಸ್ ಕಾಯ್ದೆಯೂ, ಇಡೀ ಇಂಗ್ಲೆಂಡಿನಲ್ಲಿ 1854ರ ಕಾಯ್ದೆಯೂ ನಿಷೇಧಿಸಿದ್ದಕ್ಕೆ ಅವುಗಳ ಮೇಲಿನ ಕ್ರೌರ್ಯವೂ ಒಂದು ಕಾರಣ. ಆದರೆ ಕುತ್ತಿಗೆಯಿಂದ ಎಳೆಸಿದರೆ ಕೆಲಸ ಕೆಡುತ್ತದೆ ಎಂಬುದು ಕ್ರೂರಿಗೂ ಗೊತ್ತಿತ್ತು. ಕುದುರೆಯ ವಿಷಯದಲ್ಲಿ ಈ ಬಗ್ಗೆ ದೊಡ್ಡ ಚರ್ಚೆಯೇ ನಡೆದಿದೆ. ಪ್ರಾಚೀನರ ಸಜ್ಜು ಕುದುರೆಯ ಗಂಟಲನ್ನು ಒತ್ತಿ ಉಸಿರು ಕಟ್ಟಿಸುತ್ತಿತ್ತು, ಮಧ್ಯಯುಗದಲ್ಲಷ್ಟೇ ಅದಕ್ಕೆ ಬಿಡುಗಡೆ ಸಿಕ್ಕಿತು ಎಂದು ಫ್ರೆಂಚ್ ಸೇನಾಧಿಕಾರಿ ಲೆಫೆವ್ರ್ ದೆ ನೋಯೆತ್ 1931ರ ತನ್ನ ಗ್ರಂಥದಲ್ಲಿ ವಾದಿಸಿದ. ಮುಂದೆ ಜಾನ್ ಸ್ಪ್ರೂಯ್ಟ್ ಎಂಬಾತ ಹಳೆಯ ಸಜ್ಜುಗಳನ್ನು ಮರುನಿರ್ಮಿಸಿ ನಿಜವಾದ ಕುದುರೆಗಳಿಗೆ ಕಟ್ಟಿ ನೋಡಿ, ಸರಿಯಾಗಿ ಕಟ್ಟಿದರೆ ಎಳೆತ ಗಂಟಲಿನ ಮೇಲೆ ಬೀಳುವುದೇ ಇಲ್ಲವೆಂದು ತೋರಿಸಿದ. ಪ್ರಾಣಿ ಕಟ್ಟಿದ ಹಿಂದಿನವರನ್ನು ನಾವು ಅಂದುಕೊಂಡದ್ದಕ್ಕಿಂತ ಜಾಣರೆಂದು ಒಪ್ಪಬೇಕಾಗುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಕೊರಳಪಟ್ಟಿ ಮೊದಲಿನಿಂದಲೂ ಬಂಧನದ ಗುರುತಲ್ಲವೆ? ರೋಮನರ ಪಾಂಪೆ ನಗರದಲ್ಲಿ 1874ರಲ್ಲಿ ಜ್ವಾಲಾಮುಖಿಯ ಬೂದಿಯೊಳಗಿನ ಟೊಳ್ಳಿಗೆ ಗಾರೆ ಸುರಿದಾಗ ಮೂಡಿದ ನಾಯಿ, ಕೊರಳಪಟ್ಟಿಯ ಸಮೇತ, ಕಟ್ಟಿಹಾಕಿದ್ದರಿಂದ ಓಡಲಾರದೆ ತಿರುಚಿಕೊಂಡು ಸತ್ತದ್ದು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಹಾಗೆಯೇ, ಗೌರವ ಬೇರೆ, ನಿತ್ಯದ ಆರೈಕೆ ಬೇರೆ ಎಂಬುದನ್ನೂ ಒಪ್ಪಬೇಕು. ಈಜಿಪ್ಟಿನ ರಾಜರ ಕಣಿವೆಯಲ್ಲಿ 1899ರಲ್ಲಿ ತೆರೆದ, ಗಣ್ಯನಾಗಿದ್ದ ಮೈಹೆರ್‌ಪ್ರಿಯ ಗೋರಿಯಲ್ಲಿ ಚಿತ್ತಾರದ ತೊಗಲಿನ ಎರಡು ನಾಯಿಪಟ್ಟಿಗಳಿದ್ದವು. ಒಂದರ ಮೇಲೆ ನಾಯಿಯ ಹೆಸರೇ ಬರೆದಿದೆ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇನ್ನೂ ದೊಡ್ಡ ಮಾತು. ತಕ್ಕೋಲದ ಕಾಳಗದ ಬಳಿಕ, ಕ್ರಿ.ಶ. 949-50ರ ಹೊತ್ತಿಗೆ, ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಅವನ ಯೋಧ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತಾಗ, ಕಲ್ಲು ನಿಲ್ಲಿಸಿ ಅದಕ್ಕೆ ಪೂಜೆಯ ಏರ್ಪಾಟನ್ನೂ ಮಾಡಿದರು. ಇಂಥ ಶಾಸನ ನಮ್ಮ ನುಡಿಯಲ್ಲಿರುವುದು ಹೆಮ್ಮೆಯ ಸಂಗತಿ. ಆದರೂ ಕಾಳಿ ಸಾಯದೆ, ಕುತ್ತಿಗೆ ತಿರುಗಿಸಲಾರದೆ ಮನೆಗೆ ಮರಳಿದ್ದರೆ ಅದಕ್ಕೆ ಯಾವ ಉಪಚಾರ ಸಿಗುತ್ತಿತ್ತು ಎಂಬುದನ್ನು ಕಲ್ಲು ಹೇಳುವುದಿಲ್ಲ. ವೀರಮರಣಕ್ಕೆ ಸಿಕ್ಕ ಮರ್ಯಾದೆ ನೋವಿನ ಬದುಕಿಗೂ ಸಿಕ್ಕಿತ್ತೆಂದು ಹೇಳಲು ಆಧಾರವಿಲ್ಲ. ನನ್ನ ವಾದ ಅಷ್ಟು ದೂರ ಹೋಗುವುದೂ ಇಲ್ಲ. ಕಟ್ಟುವುದಕ್ಕೆ ಕೊರಳು ಹಿಂದೆಯೂ ಬಳಕೆಯಾಯಿತು, ನಿಜ. ಕಲಿಸುವುದಕ್ಕೆ ಕೊರಳಿನ ನೋವೇ ಮುಖ್ಯ ಉಪಾಯವೆಂದು ಕ್ರಮಬದ್ಧವಾಗಿ ಬೋಧಿಸಿದ್ದು ಈಚಿನದು.

ಆ ಬೋಧನೆಯ ದಾರಿ ಸಾಕಷ್ಟು ಸ್ಪಷ್ಟವಾಗಿದೆ. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ನಾಯಿಗಳ ತರಬೇತಿಯ ಮೇಲೆ ಪುಸ್ತಕ ಪ್ರಕಟಿಸಿದ. ಒತ್ತಾಯ, ಜಗ್ಗುವಿಕೆ, ಶಿಕ್ಷೆ ಅದರ ಮುಖ್ಯ ಸಲಕರಣೆಗಳು. ಸೈನ್ಯ, ಪೊಲೀಸರಿಗಾಗಿ ಹುಟ್ಟಿದ ಈ ಕ್ರಮ ಎರಡು ಮಹಾಯುದ್ಧಗಳ ಬಳಿಕ ಮನೆನಾಯಿಗಳಿಗೂ ಇಳಿಯಿತು. ಅಮೆರಿಕದ ವಿಲಿಯಂ ಕೋಲರ್‌ನ 1962ರ ಪುಸ್ತಕ, ಬ್ರಿಟನ್ನಿನಲ್ಲಿ 1980ರಲ್ಲಿ ಬಿಬಿಸಿ ತೋರಿಸಿದ ಬಾರ್ಬರಾ ವುಡ್‌ಹೌಸ್‌ರ ಕಾರ್ಯಕ್ರಮ, ಎರಡೂ ಎಳೆದರೆ ಬಿಗಿಯುವ ಸರಪಳಿಯನ್ನು ಸಾಮಾನ್ಯ ಮನೆಗಳ ವಸ್ತುವಾಗಿಸಿದವು. ಮುಳ್ಳು ಒಳಕ್ಕೆ ತಿರುಗಿದ ಪಟ್ಟಿಯೂ ಮಾರುಕಟ್ಟೆಗೆ ಬಂತು. ಕುರಿಗಾಹಿಗಳು ತೋಳಕ್ಕೆಂದು ಹೊರಗಿಟ್ಟ ಮುಳ್ಳು ಇಲ್ಲಿ ನಾಯಿಯ ಕಡೆಗೇ ತಿರುಗಿತು. ಇದು ಚರಿತ್ರೆಯ ಪ್ರಗತಿಯೆಂದು ನಾನು ಒಪ್ಪಲಾರೆ.

ಹಾಗೆಂದು ಎಲ್ಲ ಕುತ್ತಿಗೆ ನೋವನ್ನೂ ಬೆಲ್ಟಿನ ತಲೆಗೆ ಕಟ್ಟುವುದು ತಪ್ಪು. ನಾಯಿಗೂ ನಮ್ಮ ಹಾಗೆ ಕುತ್ತಿಗೆಯಲ್ಲಿ 7 ಮೂಳೆಗಳು. ಅವುಗಳ ನಡುವಿನ ಡಿಸ್ಕ್‌ಗಳು ಸವೆಯುವುದನ್ನು ಸ್ವೀಡನ್ನಿನ ಹ್ಯಾನ್ಸೆನ್ 1952ರ ತನ್ನ ಅಧ್ಯಯನದಲ್ಲಿ ಎರಡು ಬಗೆಯಾಗಿ ವಿಂಗಡಿಸಿದ. ಡ್ಯಾಶ್‌ಹಂಡ್‌ನಂಥ ಗಿಡ್ಡಕಾಲಿನ ತಳಿಗಳಲ್ಲಿ ಡಿಸ್ಕಿನ ತಿರುಳು ಚಿಕ್ಕ ವಯಸ್ಸಿನಲ್ಲೇ ಗಟ್ಟಿಯಾಗತೊಡಗುತ್ತದೆ. ಇದರ ಹಿಂದಿನ ವಂಶವಾಹಿ ಕಾರಣವನ್ನು ಕ್ಯಾಲಿಫೋರ್ನಿಯದ ಡೇವಿಸ್‌ನ ಸಂಶೋಧಕರು 2017ರಲ್ಲಿ ಗುರುತಿಸಿದರು. ಅಂದರೆ ಗಿಡ್ಡಕಾಲಿಗಾಗಿ ನಾವೇ ಆರಿಸಿ ಬೆಳೆಸಿದ ತಳಿಗೆ ಆ ಆಯ್ಕೆಯ ಜೊತೆಯಲ್ಲೇ ನೋವೂ ಬಂದಿದೆ. ಕುತ್ತಿಗೆಯ ಡಿಸ್ಕ್ ಜರುಗಿದ ನಾಯಿ ಸಾಮಾನ್ಯವಾಗಿ ಕಾಲುಗಳ ಬಲ ಕಳೆದುಕೊಳ್ಳುವುದಿಲ್ಲ, ಏಕೆಂದರೆ ಅಲ್ಲಿ ನರಹುರಿಯ ಸುತ್ತ ತುಸು ಹೆಚ್ಚು ಜಾಗವಿದೆ. ಅದು ನೋವನ್ನಷ್ಟೇ ಅನುಭವಿಸುತ್ತದೆ. ತಲೆ ತಗ್ಗಿಸಿ ನಡೆಯುತ್ತದೆ, ಕರೆದರೆ ಕೊರಳು ತಿರುಗಿಸದೆ ಕಣ್ಣನ್ನಷ್ಟೇ ಹೊರಳಿಸುತ್ತದೆ, ಎತ್ತಿಕೊಂಡರೆ ಕಿರುಚುತ್ತದೆ, ಕೆಲವೊಮ್ಮೆ ಮುಂಗಾಲೊಂದನ್ನು ಎತ್ತಿ ಹಿಡಿಯುತ್ತದೆ. ಓಡಾಡುತ್ತಿದೆ, ತಿನ್ನುತ್ತಿದೆ, ಆದ್ದರಿಂದ ಸರಿಯಾಗಿದೆ ಎಂದು ಮನೆಯವರು ತಿಳಿಯುವುದು ಇದರಿಂದಲೇ. ಹಿಂದಿನ ನಾಯಿಗಳು ಚೆನ್ನಾಗಿಯೇ ಇದ್ದವು ಎಂಬ ಮಾತಿಗೂ ಇದೇ ಉತ್ತರ: ಅವುಗಳ ನೋವನ್ನು ಯಾರೂ ಹುಡುಕಲಿಲ್ಲ.

ಕಾರಣ ಯಾವುದಿದ್ದರೂ, ಒಮ್ಮೆ ಕೆಟ್ಟ ಕುತ್ತಿಗೆಯ ಮೇಲೆ ಬೆಲ್ಟಿನ ಎಳೆತ ಬೀಳುವುದಂತೂ ನಿಜ. 26 ನಾಯಿಗಳ ಮೇಲೆ ನಡೆದ 2006ರ ಅಧ್ಯಯನವೊಂದು ಕೊರಳಪಟ್ಟಿ ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುವುದನ್ನೂ, ಎದೆಪಟ್ಟಿಯಲ್ಲಿ ಹಾಗಾಗದಿರುವುದನ್ನೂ ಅಳೆಯಿತು. 2020ರಲ್ಲಿ ನಾಟಿಂಗ್‌ಹ್ಯಾಮಿನ ಸಂಶೋಧಕರು ಕೃತಕ ಕುತ್ತಿಗೆಗೆ ಬಗೆಬಗೆಯ ಪಟ್ಟಿ ಕಟ್ಟಿ ಜಗ್ಗಿ ನೋಡಿ, ಯಾವುದೂ ಅಪಾಯವಿಲ್ಲದ್ದಲ್ಲ ಎಂದರು. ಎದೆಪಟ್ಟಿ ಭುಜದ ಚಾಚುವಿಕೆಯನ್ನು ಕಡಿಮೆ ಮಾಡುತ್ತದೆ ಎಂಬ ಆಕ್ಷೇಪಕ್ಕೂ ಅಳತೆಯ ಆಧಾರವಿದೆ. ಆದರೆ ನಡಿಗೆ ತುಸು ಮೊಟಕಾಗುವುದೂ ನೊಂದ ನರದ ಮೇಲೆ ಜಗ್ಗುವುದೂ ಒಂದೇ ತೂಕದ ಕೇಡುಗಳಲ್ಲ. ತಟ್ಟೆ ಎತ್ತರಿಸುವುದರಲ್ಲೂ ವಿವೇಚನೆ ಬೇಕು: ಬಗ್ಗಿದರೆ ನೋಯುವ ನಾಯಿಗೆ ಅದು ನೆಮ್ಮದಿ, ಆದರೆ ದೊಡ್ಡ ತಳಿಗಳಲ್ಲಿ ಎತ್ತರದ ತಟ್ಟೆಗೂ ಹೊಟ್ಟೆ ಉಬ್ಬಿ ತಿರುಚುವ ಪ್ರಾಣಾಪಾಯಕ್ಕೂ ನಂಟಿರಬಹುದೆಂದು 2000ದ ಅಮೆರಿಕನ್ ಅಧ್ಯಯನವೊಂದು ಕಂಡಿದೆ, ವೈದ್ಯರನ್ನು ಕೇಳಿಯೇ ಮಾಡಬೇಕು. ಮುಧೋಳದ ನಾಯಿಯಂಥ ತೆಳುತಲೆಯ, ಉದ್ದಕೊರಳಿನ ತಳಿಗೆ ಸಾದಾ ಬೆಲ್ಟ್ ತಲೆಯ ಮೇಲಿಂದ ಕಳಚುತ್ತದೆ ಎಂದು ಇನ್ನಷ್ಟು ಬಿಗಿಯುವವರಿದ್ದಾರೆ. ಅಂಥ ನಾಯಿಗೆ ಅಳತೆಗೆ ಹೊಲಿಸಿದ ಎದೆಪಟ್ಟಿಯೇ ಸರಿ. ಮೈ ತೂಕ ಇಳಿಸುವುದು, ಹಗ್ಗ ಕಚ್ಚಿ ಎಳೆದಾಡುವ ಆಟ ಬಿಡಿಸುವುದು, ದಿನಕ್ಕೆರಡು ಮೂರು ಸಲ ಸ್ವಲ್ಪ ದೂರ ನಿಧಾನವಾಗಿ ನಡೆಸುವುದು ಖರ್ಚಿಲ್ಲದ ಮದ್ದುಗಳು. ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಲೇಬಾರದು. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಯನ್ನು ಕೊಲ್ಲಬಲ್ಲವು. ಮಲಗಿದ ಕಡೆಯಿಂದ ಏಳಲಾರದೆ, ಔಷಧಕ್ಕೂ ಬಗ್ಗದೆ ನರಳುವ ನಾಯಿಗೆ ನೋವಿಲ್ಲದ ಸಾವೇ ದಯೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕುತ್ತಿಗೆ ನೋವಿನ ಬಹಳಷ್ಟು ನಾಯಿಗಳು ಆ ಹಂತದಲ್ಲಿ ಇರುವುದಿಲ್ಲ. ಅವಕ್ಕೆ ಬೇಕಾದದ್ದು ಮನೆಯಲ್ಲಿ ನಾಲ್ಕಾರು ಬದಲಾವಣೆ.

ನಮ್ಮ ದೇಶದ ಕಾನೂನು ಇನ್ನೂ ಅಷ್ಟು ದೂರ ಬಂದಿಲ್ಲ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ಹಚ್ಚಿದ ಚರ್ಚೆಯ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಂ, ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಬಹಳ ಹೊತ್ತು ಕಟ್ಟುವುದನ್ನೂ, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದನ್ನೂ ಅಪರಾಧ ಎನ್ನುತ್ತದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಸರಪಳಿಯ ಉದ್ದ, ತೂಕ ಅದರ ಗಮನದಲ್ಲಿವೆ. ಒಳಮುಳ್ಳಿನ ಪಟ್ಟಿಯ ಹೆಸರು ಆ ಕಲಮಿನಲ್ಲಿ ಇಲ್ಲ. ಮೋಸ್ಟ್ ಹುಟ್ಟಿದ ಜರ್ಮನಿಯೇ 2022ರ ಜನವರಿ 1ರಿಂದ ತರಬೇತಿಯಲ್ಲಿ ಮುಳ್ಳುಪಟ್ಟಿಯನ್ನೂ ನೋವು ಕೊಡುವ ಇತರ ಸಾಧನಗಳನ್ನೂ ನಿಷೇಧಿಸಿದೆ. ನಮ್ಮಲ್ಲಿ ಅಂಥ ಪಟ್ಟಿಯನ್ನು ಕೊಳ್ಳುವುದೂ ಬಿಡುವುದೂ ಸದ್ಯಕ್ಕೆ ನಾಯಿ ಸಾಕಿದವರ ಕೈಯಲ್ಲೇ ಇದೆ.