ಎದುರಿಗೆ ಬಂದು ಕೂತದ್ದು

ಉಪನಿಷತ್ತು, ವಿಧಾನ ಪರಿಷತ್ತು, ಅಬ್ಸೆಷನ್. ಮೂರೂ ದಾಯಾದಿಗಳು ಎಂದರೆ ನಂಬುವುದು ಕಷ್ಟ. ಸಂಸ್ಕೃತದ ‘ಸದ್’ ಧಾತುವಿಗೆ ಕೂರು ಎಂಬ ಅರ್ಥವಿದೆ. ಹತ್ತಿರ ಕೂತರೆ ಉಪನಿಷತ್ತು, ಸುತ್ತ ಕೂತರೆ ಪರಿಷತ್ತು. ಅದೇ ಬೇರಿನ ಲ್ಯಾಟಿನ್ ಕವಲು ‘ಸೆಡೇರೆ’. ಅದರ ಹಿಂದೆ ‘ಆಬ್’ ಎಂಬ ಉಪಸರ್ಗ ಸೇರಿದರೆ ‘ಆಬ್ಸಿಡೇರೆ’, ಎದುರಿಗೆ ಬಂದು ಕೂರುವುದು. ರೋಮನ್ ದಂಡು ಕೋಟೆಯ ಹೊರಗೆ ಡೇರೆ ಹೊಡೆದು, ದವಸಧಾನ್ಯದ ದಾರಿ ಕಟ್ಟಿ, ಒಳಗಿನವರು ಸೋಲುವ ತನಕ ಅಲ್ಲಿಂದ ಏಳದೆ ಕೂರುತ್ತಿತ್ತಲ್ಲ, ಆ ಕೆಲಸಕ್ಕಿದ್ದ ಹೆಸರು ಇದು. ಕನ್ನಡದಲ್ಲಿ ಮುತ್ತಿಗೆ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ‘ಅಬ್ಸೆಷನ್’ ಮೊದಲು ಹೊತ್ತು ತಂದದ್ದು ಈ ದಂಡಿನ ಅರ್ಥವನ್ನೇ.

ಕೋಟೆಯಿಂದ ಮನಸ್ಸಿಗೆ ಪದವನ್ನು ದಾಟಿಸಿದವರು ಪಾದ್ರಿಗಳು. ಸೈತಾನ ಮನುಷ್ಯನನ್ನು ಎರಡು ಬಗೆಯಲ್ಲಿ ಪೀಡಿಸುತ್ತಾನೆ ಎಂಬುದು ಕ್ರೈಸ್ತ ದೇವಶಾಸ್ತ್ರದ ಲೆಕ್ಕ. ಒಳಹೊಕ್ಕು ಒಡೆಯನಾಗಿ ಕೂತರೆ ಅದು ಪೊಸೆಷನ್ (ಇದರಲ್ಲೂ ಇರುವುದು ಅದೇ ‘ಸೆಡೇರೆ’). ಒಳಗೆ ಬರಲಾರದೆ ಹೊರಗಿನಿಂದಲೇ ಹಿಂಸಿಸಿದರೆ ಅಬ್ಸೆಷನ್. ನಮ್ಮ ಹಳ್ಳಿಗಳಲ್ಲಿ ‘ಮೈಮೇಲೆ ಬರುವುದು’ ಬೇರೆ, ‘ಕಾಟ’ ಬೇರೆ. ಮೊದಲನೆಯದರಲ್ಲಿ ಮನುಷ್ಯನಿಗೆ ತನ್ನ ಪರಿವೆಯೇ ಇರುವುದಿಲ್ಲ, ಎರಡನೆಯದರಲ್ಲಿ ಎಲ್ಲವೂ ಗೊತ್ತಿರುತ್ತದೆ, ಗೊತ್ತಿದ್ದೇ ನರಳುತ್ತಾನೆ. ದೇವಶಾಸ್ತ್ರಜ್ಞರ ಭೇದವೂ ಹೆಚ್ಚುಕಡಿಮೆ ಇದೇ. ಅಷ್ಟಾಗಿಯೂ 1614ರ ರೋಮನ್ ವಿಧಿಗ್ರಂಥ ದೆವ್ವ ಬಿಡಿಸುವ ಅಧ್ಯಾಯದ ತಲೆಬರಹದಲ್ಲಿ ಮೈಮೇಲೆ ಬಂದವರನ್ನೂ ‘ಮುತ್ತಿಗೆಗೆ ಒಳಗಾದವರು’ ಎಂದೇ ಕರೆಯಿತು. ಪುರೋಹಿತರು ಪಂಡಿತರಷ್ಟು ಕಟ್ಟುನಿಟ್ಟಲ್ಲ, ಎಲ್ಲ ಊರಲ್ಲೂ.

ಈ ಕಾಟ ಒಳಗಿನಿಂದ ಹೇಗಿರುತ್ತದೆಂದು ತಿಳಿಯಲು ಜಾನ್ ಬನಿಯನ್‌ನ ಆತ್ಮಕಥೆ ‘ಗ್ರೇಸ್ ಅಬೌಂಡಿಂಗ್’ ಓದಬೇಕು. ಬೆಡ್‌ಫರ್ಡ್ ಬಳಿ ಪಾತ್ರೆ ಬೆಸೆಯುತ್ತಿದ್ದ ಈ ಮನುಷ್ಯ ಅನುಮತಿಯಿಲ್ಲದೆ ಧರ್ಮೋಪದೇಶ ಮಾಡಿದ ತಪ್ಪಿಗೆ ಜೈಲು ಸೇರಿದ. ಪುಸ್ತಕ ಅಚ್ಚಾದ 1666ರಲ್ಲೂ ಅವನು ಸೆರೆಯಲ್ಲೇ ಇದ್ದ. ಅದರಲ್ಲಿ ಅವನು ಹೇಳಿಕೊಳ್ಳುವುದು ತನ್ನ ತಲೆಯಲ್ಲಿ ಎದ್ದ ಒಂದು ಮಾತಿನ ಕಥೆ: ಕ್ರಿಸ್ತನನ್ನು ಮಾರಿಬಿಡು. ಊಟಕ್ಕೆ ಕೂತರೆ, ಬಿದ್ದ ಗುಂಡುಸೂಜಿ ಎತ್ತಲು ಬಗ್ಗಿದರೆ, ಸೌದೆ ಸೀಳಿದರೆ, ಇದಕ್ಕಾಗಿ ಮಾರು, ಅದಕ್ಕಾಗಿ ಮಾರು. ಅವನು ಸುಮ್ಮನಿರಲಿಲ್ಲ. ಮಾರುವುದಿಲ್ಲ, ಸಾವಿರಾರು ಲೋಕಗಳನ್ನು ಕೊಟ್ಟರೂ ಮಾರುವುದಿಲ್ಲ ಎಂದು ಪ್ರತಿಸಲವೂ ಉತ್ತರಿಸುತ್ತಿದ್ದ. ಬರೀ ಮನಸ್ಸಿನಲ್ಲಲ್ಲ, ಕೈಯಿಂದ ಮೊಣಕೈಯಿಂದ ಯಾರನ್ನೋ ನೂಕುವವನಂತೆ ಮೈಯನ್ನೂ ಆಡಿಸುತ್ತಿದ್ದ. ಊಟ ಅರ್ಧಕ್ಕೆ ಬಿಟ್ಟೆದ್ದು ಪ್ರಾರ್ಥನೆಗೆ ಓಡುತ್ತಿದ್ದ. ಕೊನೆಗೊಂದು ಬೆಳಗ್ಗೆ, ಉತ್ತರಿಸಿ ಉತ್ತರಿಸಿ ಉಸಿರು ಸೋತು, ಬೇಕಾದರೆ ಹೋಗಲಿ ಎಂಬ ಯೋಚನೆಯೊಂದು ಹಾದುಹೋಯಿತು. ಅಷ್ಟಕ್ಕೇ ತಾನು ಶಾಶ್ವತ ನರಕಕ್ಕೆ ಬಿದ್ದೆನೆಂದು ಬಹುಕಾಲ ಬೆಂದ. ಧರ್ಮವನ್ನು ಹಗುರವಾಗಿ ಕಂಡವನಿಗೆ ಇಂಥ ಯೋಚನೆ ಬಂದರೂ ನಿಲ್ಲುವುದಿಲ್ಲ. ಪ್ರಾಣಕ್ಕಿಂತ ಹೆಚ್ಚಾಗಿ ಕ್ರಿಸ್ತನನ್ನು ಪ್ರೀತಿಸಿದವನ ಬಾಗಿಲಲ್ಲೇ ಅದು ಬೀಡು ಬಿಡುವುದು.

ವೈದ್ಯರ ಕೈಗೆ ವಿಷಯ ಬಂದದ್ದು ನಿಧಾನವಾಗಿ. ಫ್ರಾನ್ಸಿನ ಎಸ್ಕಿರೋಲ್ 1838ರ ತನ್ನ ದೊಡ್ಡ ಗ್ರಂಥದಲ್ಲಿ 34 ವರ್ಷದ ಒಬ್ಬ ಹೆಣ್ಣುಮಗಳನ್ನು ‘ಮದ್‌ಮ್ವಾಸೆಲ್ ಎಫ್’ ಎಂದು ಮಾತ್ರ ಹೆಸರಿಸಿ ವರ್ಣಿಸಿದ್ದಾನೆ. ಯಾರ ಮನೆಗೆ ಹೋದರೂ ಅವರ ವಸ್ತು ತನ್ನ ಜೇಬಿಗೆ ಬಂದುಬಿಟ್ಟಿತೇನೋ ಎಂಬ ಭಯ ಅವಳಿಗೆ. ಲೆಕ್ಕ ಬರೆದರೆ ಅಂಕಿ ತಪ್ಪಿ ಯಾರಿಗೋ ಮೋಸವಾಯಿತೇನೋ ಎಂಬ ಭಯ. ಇದೆಲ್ಲ ಅರ್ಥವಿಲ್ಲದ್ದು ಎಂದು ಅವಳಿಗೇ ಗೊತ್ತಿತ್ತು. ಎಸ್ಕಿರೋಲ್‌ಗೆ ತೊಡಕಾದದ್ದು ಅದೇ: ಹುಚ್ಚೆನ್ನಲು ಬುದ್ಧಿ ನೆಟ್ಟಗಿದೆ, ನೆಟ್ಟಗಿದೆ ಎನ್ನಲು ದಿನವೆಲ್ಲ ಕೈ ಒರೆಸುತ್ತಾಳೆ. ಫ್ರೆಂಚರು ಮುಂದೆ ಇದನ್ನು ‘ಸಂಶಯದ ಹುಚ್ಚು’ ಎಂದರು.

ಜರ್ಮನ್ನರು ಬೇರೆ ಪದ ಹುಡುಕಿದರು. ಕ್ರಾಫ್ಟ್-ಎಬಿಂಗ್ 1867ರಲ್ಲಿ ಬಳಸಿದ, ಬರ್ಲಿನ್ನಿನ ವೆಸ್ಟ್‌ಫಾಲ್ 1877ರಲ್ಲಿ ಖಚಿತ ಅರ್ಥ ಕೊಟ್ಟ ಆ ಪದ ‘ತ್ಸ್ವಾಂಗ್ಸ್‌ಫೋರ್‌ಸ್ಟೆಲುಂಗ್’. ‘ತ್ಸ್ವಾಂಗ್’ ಅಂದರೆ ಬಲವಂತ. ‘ಫೋರ್‌ಸ್ಟೆಲುಂಗ್’ ಅಂದರೆ ಕಲ್ಪನೆ, ಬಿಡಿಸಿದರೆ ‘ಮುಂದೆ ನಿಲ್ಲಿಸಿದ್ದು’. ಲ್ಯಾಟಿನ್ನಿನಲ್ಲಿ ಕೂತಿದ್ದದ್ದು ಜರ್ಮನ್ನಿನಲ್ಲಿ ಎದ್ದು ನಿಂತಿತು. ವೆಸ್ಟ್‌ಫಾಲ್ ಹೇಳಿದ ಲಕ್ಷಣ ಇಂದಿಗೂ ಸವೆದಿಲ್ಲ: ಬುದ್ಧಿಗೆ ಕೇಡಿಲ್ಲದಿದ್ದರೂ, ವ್ಯಕ್ತಿಯ ಇಷ್ಟಕ್ಕೆ ವಿರುದ್ಧವಾಗಿ ನುಗ್ಗಿ ಬಂದು, ಓಡಿಸಿದರೂ ಹೋಗದ, ತನ್ನದಲ್ಲವೆಂದು ಆ ವ್ಯಕ್ತಿಗೇ ಅನಿಸುವ ಯೋಚನೆ. ಸೈತಾನ ಮಾಯವಾದ, ಅವನು ಕೂತಿದ್ದ ಜಾಗ ಉಳಿಯಿತು. ಮನೋವಿಜ್ಞಾನಿಗಳಾದ ರಾಕ್‌ಮನ್ ಮತ್ತು ಹಾಡ್ಜ್‌ಸನ್ 1980ರ ತಮ್ಮ ಪುಸ್ತಕದಲ್ಲಿ ಹೇಳುವಂತೆ, ಈ ಜರ್ಮನ್ ಪದವನ್ನು ಲಂಡನ್ನಿನವರು ‘ಅಬ್ಸೆಷನ್’ ಎಂದೂ ನ್ಯೂಯಾರ್ಕಿನವರು ‘ಕಂಪಲ್ಷನ್’ ಎಂದೂ ಅನುವಾದಿಸಿದರು. ಜಗಳ ಬೇಡವೆಂದು ಎರಡನ್ನೂ ಅಡ್ಡಗೆರೆಯಿಂದ ಜೋಡಿಸಲಾಯಿತು. ಇವತ್ತಿನ ಓಸಿಡಿಯ (ಅಬ್ಸೆಸಿವ್-ಕಂಪಲ್ಸಿವ್ ಡಿಸಾರ್ಡರ್) ಮೊದಲೆರಡು ಅಕ್ಷರ ಹೀಗೆ ಬಂದವು. ಈಗ ಮೊದಲನೆಯದು ಯೋಚನೆಗೆ, ಎರಡನೆಯದು ಅದನ್ನು ತಣಿಸಲು ಮಾಡುವ ಕ್ರಿಯೆಗೆ ಎಂದು ಪಾಲಾಗಿದೆ.

ಇದೇ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವಾ ಲಂಡನ್ನಿನಲ್ಲಿ ಸರಳವಾದ ಒಂದು ಪ್ರಶ್ನೆ ಕೇಳಿದರು. ಕಾಯಿಲೆಯಿಲ್ಲದವರಿಗೆ ಇಂಥ ಯೋಚನೆ ಬರುವುದಿಲ್ಲವೇ? 124 ಜನರನ್ನು ವಿಚಾರಿಸಿದಾಗ ಸುಮಾರು ಶೇ. 80 ಮಂದಿ ಬರುತ್ತದೆ ಎಂದರು. ಯಾರನ್ನೋ ರೈಲಿನ ಮುಂದೆ ನೂಕಿಬಿಡಬೇಕೆನಿಸುವುದು, ಪೂಜೆಯ ನಡುವೆ ಅಶ್ಲೀಲ ಚಿತ್ರ ಮೂಡುವುದು, ಆ ಜಾತಿಯವು. 1978ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬೇರೆಯದು. ರೋಗಿಗಳ ಯೋಚನೆಗಳನ್ನೂ ಉಳಿದವರ ಯೋಚನೆಗಳನ್ನೂ ಬೆರೆಸಿ ಪರಿಣತರ ಮುಂದಿಟ್ಟರೆ, ಯಾವುದು ಯಾರದೆಂದು ಅವರಿಗೆ ಸರಿಯಾಗಿ ಬೇರ್ಪಡಿಸಲು ಆಗಲಿಲ್ಲ. 2014ರಲ್ಲಿ 13 ದೇಶಗಳ 777 ವಿದ್ಯಾರ್ಥಿಗಳನ್ನು ವಿಚಾರಿಸಿದ ಇನ್ನೊಂದು ಅಧ್ಯಯನದಲ್ಲಿ ಹಿಂದಿನ ಮೂರು ತಿಂಗಳಲ್ಲಿ ಒಮ್ಮೆಯಾದರೂ ಇಂಥದ್ದು ಬಂದಿದೆ ಎಂದವರು ಶೇ. 93.6.

ಹಾಗಾದರೆ ದಂಡು ಎಲ್ಲರ ಕೋಟೆಯ ಹೊರಗೂ ಸುಳಿಯುತ್ತದೆ. ಕಾಯಿಲೆ ಎಲ್ಲಿ? ಮನೋವಿಜ್ಞಾನಿ ಸಾಲ್ಕೋವ್‌ಸ್ಕಿಸ್ 1985ರಲ್ಲಿ ಕೊಟ್ಟ ವಿವರಣೆ ಹೊಣೆಯ ಸುತ್ತ ಇದೆ. ತರಕಾರಿ ಹೆಚ್ಚುತ್ತಿರುವಾಗ ಮಗುವಿಗೆ ಚುಚ್ಚಿಬಿಟ್ಟರೆ ಎಂದು ಹೊಳೆದಾಗ ಒಬ್ಬ ತಾಯಿ ‘ಥೂ’ ಎಂದು ಹೆಚ್ಚುವುದನ್ನು ಮುಂದುವರಿಸುತ್ತಾಳೆ. ಇನ್ನೊಬ್ಬಳು, ಇದು ಹೊಳೆಯಿತೆಂದರೆ ನಾನೆಂಥವಳು, ಆಗದಂತೆ ತಡೆಯುವುದು ನನ್ನ ಕೆಲಸವಲ್ಲವೇ ಎಂದು ಚಾಕುಗಳನ್ನೆಲ್ಲ ಬಚ್ಚಿಡುತ್ತಾಳೆ. ಬಚ್ಚಿಟ್ಟ ಕ್ಷಣ ಯೋಚನೆಗೆ ಬೆಲೆ ಬರುತ್ತದೆ. ಓಡಿಸಲು ನೋಡಿದರೆ ಇನ್ನೂ ಬಿಗಿಯುತ್ತದೆ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಮನೋವಿಜ್ಞಾನಿ ವೆಗ್ನರ್ 1987ರಲ್ಲಿ ಮಾಡಿದ ಪ್ರಯೋಗ ತೋರಿಸಿದ್ದು ಅದನ್ನೇ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂಬ ಕಥೆ ಕೇಳಿ ಬೆಳೆದ ನಮಗೆ ಅದರಲ್ಲಿ ಹೊಸತೇನೂ ಇಲ್ಲ. ವಿಕ್ಟರ್ ಮೇಯರ್ 1966ರಲ್ಲಿ ಶುರುಮಾಡಿದ ಚಿಕಿತ್ಸೆ ನಿಂತಿರುವುದೂ ಈ ನೆಲದ ಮೇಲೆ: ಹೆದರಿಸುವುದನ್ನು ಮುಟ್ಟಿ, ಮುಟ್ಟಿದ ಮೇಲೆ ಕೈ ತೊಳೆಯಬೇಡಿ. ಯೋಚನೆ ಬರಲಿ, ಉತ್ತರ ಕೊಡಬೇಡಿ. ಬನಿಯನ್‌ಗೆ ಆಗದೆ ಹೋದದ್ದು ಇದೇ. ಡಿ ಸಿಲ್ವಾ ಮುಂದೆ ಪಾಲಿಯ ವಿತಕ್ಕಸಂಠಾನ ಸುತ್ತದಲ್ಲಿ ಬೇಡದ ಯೋಚನೆಗೆ ಬುದ್ಧ ಹೇಳುವ ಐದು ಉಪಾಯಗಳನ್ನು ಈ ಚಿಕಿತ್ಸೆಗಳ ಪಕ್ಕದಲ್ಲಿಟ್ಟು ನೋಡಿದ. ಅದರಲ್ಲೊಂದು, ಅದರ ಕಡೆ ಗಮನವನ್ನೇ ಕೊಡದಿರುವುದು.

ಸಂಶೋಧಕರು ಹೀಗೆ ಪದವನ್ನು ಬಿಗಿಮಾಡುತ್ತಿದ್ದಾಗ ಪೇಟೆ ಅದನ್ನು ಸಡಿಲಗೊಳಿಸಿತು. ಸಾಲ್ಕೋವ್‌ಸ್ಕಿಸ್ ಪ್ರಬಂಧ ಬಂದ 1985ರಲ್ಲೇ ಕ್ಯಾಲ್ವಿನ್ ಕ್ಲೈನ್ ಕಂಪನಿ ‘ಅಬ್ಸೆಷನ್’ ಎಂಬ ಸುಗಂಧದ್ರವ್ಯ ಮಾರತೊಡಗಿತು. ಮುತ್ತಿಗೆಯಾಗಿದ್ದದ್ದು ಮೋಹವಾಯಿತು. ಈಗ ಜನ ಬೂಟಿಗೆ, ಕಾಫಿಗೆ, ಧಾರಾವಾಹಿಗೆ ‘ಅಬ್ಸೆಸ್ಡ್’ ಆಗಿದ್ದೇವೆಂದು ನಗುತ್ತಾ ಹೇಳಿಕೊಳ್ಳುತ್ತಾರೆ.

ಕನ್ನಡದ ಮನೋವೈದ್ಯಕೀಯ ಬರಹಗಳಲ್ಲಿ ಓಸಿಡಿಗೆ ನಿಂತಿರುವ ಹೆಸರು ‘ಗೀಳು ರೋಗ’. ಗೀಳು ಒಳ್ಳೆಯ ನೆಲದ ಮಾತು, ಗಿಡ್ಡ, ಬಾಯಿಗೆ ಸುಲಭ. ಆದರೆ ಅದು ಹುಟ್ಟಿನಿಂದಲೇ ಮೋಹದ ಪಕ್ಷದ್ದು. ಇಸ್ಪೀಟಿನ ಗೀಳು, ಸಿನಿಮಾ ಗೀಳು, ಮೊಬೈಲ್ ಗೀಳು. ಎಲ್ಲದರಲ್ಲೂ ಹತ್ತಿಸಿಕೊಂಡವನಿಗೆ ಒಂದಿಷ್ಟು ಸುಖವಿದೆ, ನೋಡುವವರಿಗೆ ಒಂದಿಷ್ಟು ತಾತ್ಸಾರ. ಕೈ ತೊಳೆದು ತೊಳೆದು ಚರ್ಮ ಸುಲಿದವಳಿಗೆ ‘ಮಡಿಯ ಗೀಳು’ ಎಂದರೆ ಅವಳು ಅದನ್ನು ಇಷ್ಟಪಟ್ಟು ಮಾಡುತ್ತಿದ್ದಾಳೆ ಎಂದಾಗುತ್ತದೆ. ದೇವರ ಮುಂದೆ ನಿಂತಾಗ ಬೈಗುಳ ನುಗ್ಗಿಬರುವ ಭಕ್ತನೊಬ್ಬ ‘ನನಗೆ ದೇವರನ್ನು ಬೈಯುವ ಗೀಳು’ ಎಂದು ವೈದ್ಯರ ಮುಂದೆ ಹೇಳಿಕೊಂಡಾನೆಯೇ? ‘ಕೆಟ್ಟ ಯೋಚನೆಗಳ ಕಾಟ’ ಎಂದರೆ ಬಾಯಿ ಬಿಟ್ಟಾನು. ಅರ್ಥದ ಲೆಕ್ಕದಲ್ಲಿ ಹಳೆಯ ಅಬ್ಸೆಷನ್‌ಗೆ ಸರಿಹೊಂದುವುದು ಕಾಟವೇ. ತೊಂದರೆಯೆಂದರೆ, ಕಾಟ ಎಂದ ಕೂಡಲೇ ಮನೆಯವರು ನಿಮ್ಹಾನ್ಸ್ ಬಿಟ್ಟು ತಾಯತ ಕಟ್ಟಿಸಲು ಹೊರಟಾರು. ಬಹುಶಃ ವೈದ್ಯರು ಗೀಳನ್ನು ಆರಿಸಿಕೊಂಡದ್ದು ಆ ಭಯಕ್ಕೇ ಇರಬೇಕು.