ಅಂಗೈಯಗಲದ ಕಂಚಿನಲ್ಲಿ ಒಂದು ಮುಖ

1438ರಲ್ಲಿ ಇಟಲಿಯ ಫೆರಾರಾ ಪಟ್ಟಣಕ್ಕೆ ಚಕ್ರವರ್ತಿಯೊಬ್ಬ ನೆರವು ಕೇಳಿಕೊಂಡು ಬಂದ. ಹೆಸರು ಎಂಟನೇ ಜಾನ್ ಪಾಲಿಯೊಲೊಗಸ್. ಬೈಜಾಂಟಿಯಮ್ ಸಾಮ್ರಾಜ್ಯ ಅಂತ ಹೆಸರೇನೋ ದೊಡ್ಡದು. ಆದರೆ ಆ ಹೊತ್ತಿಗೆ ಅವನ ಬಳಿ ಉಳಿದಿದ್ದದ್ದು ಕಾನ್‌ಸ್ಟಾಂಟಿನೋಪಲ್ ನಗರ ಮತ್ತು ದಕ್ಷಿಣ ಗ್ರೀಸಿನ ನೆಲ, ಹೆಚ್ಚುಕಡಿಮೆ ಅಷ್ಟೇ. ಆಟೊಮನ್ ತುರ್ಕರು ಬಾಗಿಲಲ್ಲೇ ಇದ್ದರು. ರೋಮಿನ ಪೋಪ್ ಜೊತೆಗಿನ ಹಳೆಯ ಧರ್ಮದ ಜಗಳ ಮುಗಿಸಿಕೊಂಡರೆ ಪಶ್ಚಿಮದ ರಾಜರು ಸೈನ್ಯ ಕಳಿಸಬಹುದು ಎಂಬುದು ಅವನ ಆಸೆ.

ಚಿತ್ರಕಾರ ಪಿಸಾನೆಲ್ಲೊ ಅವನನ್ನು ಕಂಡದ್ದು ಆಗಲೇ. ಮೊದಲು ಕಾಗದದ ಮೇಲೆ ಅವನನ್ನೂ ಅವನ ಪರಿವಾರದವರನ್ನೂ ಬರೆದುಕೊಂಡ. ಆ ರೇಖಾಚಿತ್ರಗಳು ಇಂದಿಗೂ ಇವೆ. ಆಮೇಲೆ ಸುಮಾರು ಹತ್ತು ಸೆಂಟಿಮೀಟರ್ ಅಗಲದ ಪದಕವೊಂದನ್ನು ಮಾಡಿದ. ಒಂದು ಬದಿಯಲ್ಲಿ ಚಕ್ರವರ್ತಿಯ ಪಕ್ಕನೋಟದ ಮುಖ: ಚೂಪು ಗಡ್ಡ, ಮುಂದಕ್ಕೆ ಚಾಚಿದ ಎತ್ತರದ ಟೋಪಿ. ಇನ್ನೊಂದು ಬದಿಯಲ್ಲಿ ಅದೇ ಟೋಪಿ ತೊಟ್ಟು ಕುದುರೆಯ ಮೇಲೆ ಕೂತವನು, ದಾರಿಬದಿಯ ಶಿಲುಬೆಯ ಮುಂದೆ ನಿಂತಿದ್ದಾನೆ. ಭಿಕ್ಷೆಗೆ ಬಂದವನ ಸುಳಿವೇ ಅಲ್ಲಿಲ್ಲ. ಪತ್ರಿಕೋದ್ಯಮ ಓದಿದ ನಮ್ಮಂಥವರಿಗೆ ಇದು ಚೆನ್ನಾಗಿ ಬರೆದ ಪತ್ರಿಕಾ ಪ್ರಕಟಣೆಯ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಪುನರುಜ್ಜೀವನ ಕಾಲದ ಭಾವಚಿತ್ರ ಪದಕಗಳ ಪರಂಪರೆಯನ್ನು ಇದರಿಂದಲೇ ಎಣಿಸುವುದು ವಾಡಿಕೆ. ಮಾದರಿ ಹಳೆಯ ರೋಮನ್ ನಾಣ್ಯಗಳದ್ದು. ಆದರೆ ಇದು ನಾಣ್ಯವಲ್ಲ, ಇದಕ್ಕೆ ಏನೂ ಕೊಳ್ಳಲಾಗದು. ಮೇಣದಲ್ಲಿ ಮುಖ ತಿದ್ದಿ, ಅದರಿಂದ ಅಚ್ಚು ತೆಗೆದು, ಕರಗಿದ ಕಂಚನ್ನೋ ಸೀಸವನ್ನೋ ಸುರಿಯುತ್ತಿದ್ದರು. ಲೋಹ ಆರುವಾಗ ಕುಗ್ಗುತ್ತದೆ. ಹಾಗಾಗಿ ಪದಕದಿಂದಲೇ ಅಚ್ಚು ತೆಗೆದು ಮಾಡಿದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ತಜ್ಞರು ನಕಲನ್ನು ಹಿಡಿಯುವ ಒಂದು ದಾರಿ ಇದು. ಗೋಡೆಯ ಚಿತ್ರ ಇದ್ದಲ್ಲೇ ಇರುತ್ತದೆ. ಪದಕ ಹಾಗಲ್ಲ. ಜೇಬಿನಲ್ಲಿ ಹೋಗುತ್ತದೆ, ಉಡುಗೊರೆಯಾಗುತ್ತದೆ, ಬೇಕಾದಷ್ಟು ಪ್ರತಿಗಳಾಗುತ್ತದೆ. ರಿಮಿನಿಯ ದೊರೆ ಸಿಗಿಸ್ಮಾಂಡೊ ಮಲಾಟೆಸ್ಟಾ ತನ್ನ ಪದಕಗಳನ್ನು ಕಟ್ಟಡಗಳ ಗೋಡೆಯೊಳಗೇ ಹುದುಗಿಸಿಟ್ಟ, ಮುಂದೆ ಯಾವಾಗಲೋ ಕಟ್ಟಡ ಬಿದ್ದಾಗಲಾದರೂ ಸಿಗಲಿ ಅಂತ.

ಜಾನ್‌ಗೆ ಒಪ್ಪಂದ ಸಿಕ್ಕಿತು. ಆದರೆ ಊರಿನ ಜನ ಅದನ್ನು ಒಪ್ಪಲಿಲ್ಲ, ನಗರವನ್ನು ಉಳಿಸುವಷ್ಟು ಸೈನ್ಯವೂ ಬರಲಿಲ್ಲ. 1448ರಲ್ಲಿ ಅವನು ತೀರಿಕೊಂಡ, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು. ಉಳಿದದ್ದು ಟೋಪಿ. ಪಿಯೆರೊ ಡೆಲ್ಲಾ ಫ್ರಾನ್ಸೆಸ್ಕಾ ಯೇಸುವಿಗೆ ಚಾಟಿಯೇಟು ಬೀಳುವ ದೃಶ್ಯ ಬರೆದಾಗ, ಕೂತು ನೋಡುತ್ತಿರುವ ಪಿಲಾತನ ತಲೆಗೆ ಅಂಥದ್ದೇ ಟೋಪಿ ಇಟ್ಟ!

ಪಿಸಾನೆಲ್ಲೊನ ಪದಕಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಮಾತ್ರ ಇನ್ನೊಂದು, 1447ರದ್ದು. ಮಾಂಟುವಾದ ದೊರೆ ಜಾನ್‌ಫ್ರಾನ್ಸೆಸ್ಕೊ ಗೊಂಜಾಗನ ಮಗಳು ಸೆಸೀಲಿಯಾ, ವಿಟೊರಿನೊ ದ ಫೆಲ್ಟ್ರೆ ಎಂಬ ಹೆಸರಾಂತ ಮೇಷ್ಟ್ರ ಶಿಷ್ಯೆ. ಬಾಲ್ಯದಲ್ಲೇ ಗ್ರೀಕ್ ಕಲಿತವಳು. ಅಪ್ಪ ಅವಳನ್ನು ಉರ್ಬಿನೊದ ಒಡ್ಡಾಂಟೋನಿಯೊಗೆ ಕೊಡಬೇಕೆಂದಿದ್ದ. ಅವಳು ಒಲ್ಲೆನೆಂದಳು, ಸನ್ಯಾಸಿನಿಯಾಗುತ್ತೇನೆ ಎಂದಳು. ಅಪ್ಪ ಬದುಕಿರುವವರೆಗೆ ಅದು ಆಗಲಿಲ್ಲ. 1444ರಲ್ಲಿ ಅವನು ಸತ್ತ, ಮರುವರ್ಷ ಅವಳು ಮಠ ಸೇರಿದಳು.

ಪದಕ ಮಾಡುವ ಹೊತ್ತಿಗೆ ಅವಳು ಮಠದಲ್ಲಿ ಎರಡು ವರ್ಷ ಕಳೆದಿದ್ದಳು. ಆದರೂ ಅದರಲ್ಲಿ ಅವಳದು ಅರಮನೆಯ ಉಡುಪೇ. ಹಿಂಬದಿಯಲ್ಲಿ ಬಾಲಚಂದ್ರನ ಕೆಳಗೆ ಕೂತ ಹುಡುಗಿ, ಅವಳ ಪಕ್ಕದಲ್ಲಿ ಸಾಧುವಾಗಿ ಮಲಗಿದ ಯೂನಿಕಾರ್ನ್. ಕನ್ಯೆಗೆ ಮಾತ್ರ ಪಳಗುತ್ತದೆ ಎನ್ನುವ ಈ ಒಂಟಿಕೊಂಬಿನ ಮೃಗವನ್ನು ಕಲಾವಿದ ಕುದುರೆಯಂತೆ ಮಾಡಿಲ್ಲ, ಜೋಲು ಕೂದಲಿನ ಮೇಕೆಯಂತೆ ಮಾಡಿದ್ದಾನೆ. ಮುಖದ ಸುತ್ತ ಲ್ಯಾಟಿನ್ ಅಕ್ಷರಗಳಿವೆ: ಕನ್ಯೆ ಸೆಸೀಲಿಯಾ, ಮಾಂಟುವಾದ ಮೊದಲ ಮಾರ್ಕ್ವಿಸ್ ಜಾನ್‌ಫ್ರಾನ್ಸೆಸ್ಕೊನ ಮಗಳು. ಯಾರ ಮಾತನ್ನು ಮೀರಿ ನಿಂತಳೋ ಅವನ ಹೆಸರು ಅವಳ ಹೆಸರಿಗಿಂತ ಉದ್ದಕ್ಕೆ ಅಂಚನ್ನು ಸುತ್ತಿಕೊಂಡಿದೆ.